ಎರಡು ದಿನದ ಮಂಗಳೂರು, ಒಂದು ನೀಲಿ ಪುಸ್ತಕ

ನವರಾತ್ರಿಗೆ ಮೊದಲು ಮನೆಗೆ ಬಣ್ಣ ಬಳಿಸಿದೆವು. ಅಟ್ಟದ ಟ್ರಂಕು ಕೆಳಗಿಳಿಸಿದಾಗ ಇವರ ಡಿಪ್ಲೊಮಾ ಸರ್ಟಿಫಿಕೇಟುಗಳ ಅಡಿಯಲ್ಲಿ ಒಂದು ಸಣ್ಣ ಪುಸ್ತಕ ಸಿಕ್ಕಿತು. ನೀಲಿ ರಟ್ಟು. ಅಂಗಿಯ ಕಿಸೆಗೆ ಸರಿಯಾಗಿ ಹಿಡಿಯುವಷ್ಟು ಅಗಲ. ಮೊದಲ ಪುಟದಲ್ಲಿ "1994, ಕೆ.ಪಿ.ಟಿ." ಅಂತ ಬರೆದಿತ್ತು. ಒಳಗೆಲ್ಲ ಖರ್ಚಿನ ಲೆಕ್ಕ. ಬಸ್ಸಿಗೆ ಇಷ್ಟು, ಡ್ರಾಯಿಂಗ್ ಶೀಟಿಗೆ ಇಷ್ಟು, ಉಳಿದದ್ದು ಪೂರ್ತಿ ತಿಂಡಿ. "ಬನ್ಸ್ 2, ಚಾ 1." "ಬಂದರ್, ಮೀನೂಟ." "ಗೋಳಿಬಜೆ, ಚಾ."

ಕೆ.ಪಿ.ಟಿ. ಅಂದರೆ ಕರ್ನಾಟಕ ಪಾಲಿಟೆಕ್ನಿಕ್. ಇವರು ಮಂಗಳೂರಿನ ಆ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಎಲೆಕ್ಟ್ರಿಕಲ್ ಓದಿದವರು. ಅದು ನನಗೆ ಗೊತ್ತಿತ್ತು. ಆದರೆ ಆ ಮೂರು ವರ್ಷದ ಬಗ್ಗೆ ಇವರು ಮಾತಾಡಿದ್ದು ಕಡಿಮೆ. ನಮ್ಮ ಮದುವೆ ಆಗಿದ್ದು 2001ರಲ್ಲಿ. ಅಷ್ಟರಲ್ಲಿ ಇವರು ಕಾರ್ಕಳದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಹಾಕಿಯಾಗಿತ್ತು. ನಾನು ಕಂಡದ್ದು ಅಂಗಡಿಯ ಯಜಮಾನನನ್ನು. ಹತ್ತೊಂಬತ್ತು ವರ್ಷದ ಹುಡುಗನನ್ನು ನಾನು ನೋಡಿಯೇ ಇಲ್ಲ.

ರಾತ್ರಿ ಊಟ ಮಾಡುವಾಗ ಪುಸ್ತಕ ಎದುರಿಗಿಟ್ಟೆ. "ಇದರಲ್ಲಿರುವುದನ್ನೆಲ್ಲ ನನಗೂ ತಿನ್ನಿಸಿ" ಎಂದೆ. ಇವರು ಪುಟ ತಿರುಗಿಸುತ್ತಾ ಸುಮಾರು ಹೊತ್ತು ಕೂತರು. "ಎರಡನೇ ಶನಿವಾರ ನಿನಗೆ ರಜೆಯಲ್ವಾ?" ಎಂದರು.

ನಾನಿರುವುದು ಬ್ಯಾಂಕಿನಲ್ಲಿ. ಹಾಗಾಗಿ ರಜೆ ಸುಲಭ. ಇವರಿಗೆ ಅಂಗಡಿ ಮುಚ್ಚುವುದೇ ಕಷ್ಟ. ಆದರೆ ನವೆಂಬರಿನಲ್ಲಿ ತೋಟಕ್ಕೆ ನೀರು ಬಿಡುವ ಕೆಲಸ ಜೋರಾಗಿರುವುದಿಲ್ಲ. ಪಂಪು ಸುಟ್ಟು ತರುವವರೂ ಕಡಿಮೆ. ಅತ್ತೆ ನಾದಿನಿಯ ಮನೆಗೆ ಹೋಗಿದ್ದರು. ಮಗಳು ಬೆಂಗಳೂರಿನಲ್ಲಿ. ಮನೆಗೆ ಬೀಗ ಹಾಕಿ ನಾವಿಬ್ಬರೇ ಎರಡು ದಿನ ಹೊರಗೆ ಹೋಗಿದ್ದು ಇದೇ ಮೊದಲು.

ಕಾರ್ಕಳದಿಂದ ಮಂಗಳೂರಿಗೆ ಐವತ್ತು ಕಿಲೋಮೀಟರ್ ಚಿಲ್ಲರೆ. ಸರ್ವಿಸ್ ಬಸ್ಸು ಮೂಡುಬಿದಿರೆ, ಕೈಕಂಬ, ಗುರುಪುರ ದಾಟಿ ವಾಮಂಜೂರಿನ ಮೇಲೆ ಹೋಗುತ್ತದೆ. ಎಷ್ಟೋ ಸಲ ಹೋದ ದಾರಿ. ಆಸ್ಪತ್ರೆಗೆ ಹೋಗಿದ್ದೇನೆ, ಮಗಳ ಅಡ್ಮಿಷನ್ನಿಗೆ ಹೋಗಿದ್ದೇನೆ, ಮದುವೆ ಜವಳಿಗೆ ಹೋಗಿದ್ದೇನೆ. ಕೆಲಸ ಮುಗಿದ ಕೂಡಲೇ ಓಡಿ ಬಂದು ಬಸ್ಸು ಹತ್ತಿದ್ದೇ ಜಾಸ್ತಿ. ಈ ಸಲ ಕಿಟಕಿ ಪಕ್ಕ ಕೂತು ಗುರುಪುರದ ಹೊಳೆಯನ್ನು ನಿಧಾನವಾಗಿ ನೋಡಿದೆ.

ರೂಮಿಗೆ ಫೋನ್ ಮಾಡಿ ಹೇಳಿಟ್ಟಿದ್ದೆವು. ಅಲ್ಲಿ ಹೋದರೆ ಎರಡು ಗಂಟೆಗೆ ಮೊದಲು ಕೊಡುವುದಿಲ್ಲ ಎಂದರು. ಫೋನಿನಲ್ಲೇ ಹೇಳಬಹುದಿತ್ತು. ಚೀಲ ಅಲ್ಲೇ ಬಿಟ್ಟು ಬಂದರಿನ ಕಡೆ ನಡೆದೆವು.

"ಬಂದರ್, ಮೀನೂಟ" ಅಂದರೆ ನಾರಾಯಣ ಹೋಟೆಲ್. ಹೆಸರು ಕೇಳದ ಮಂಗಳೂರಿಗರು ಇಲ್ಲ. ನಾನು ಮಾತ್ರ ಒಳಗೆ ಕಾಲಿಟ್ಟಿರಲಿಲ್ಲ. ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಬಂದರಿಗೆ ಇಳಿಯುವ ಓಣಿಗಳಲ್ಲಿ ಹೋಗುತ್ತಿದ್ದರೆ ಮೊದಲು ಒಣಮೀನು ಮತ್ತು ಮೆಣಸಿನ ಮಂಡಿಯ ವಾಸನೆ. ಆಮೇಲೆ ಕಾವಲಿಯ ಮೇಲೆ ಕಾಯುವ ಮಸಾಲೆಯ ಪರಿಮಳ. ದಾರಿ ಕೇಳುವ ಅಗತ್ಯ ಬರಲಿಲ್ಲ. ಒಳಗೆ ರಶ್ಶೋ ರಶ್ಶು. ಬೇರೆಯವರ ಮೇಜಿನಲ್ಲೇ ಎರಡು ಜಾಗ ಸಿಕ್ಕಿತು. ಎದುರಿಗೆ ಕೂತಿದ್ದ ಹಿರಿಯರು ತಟ್ಟೆ ಸ್ವಲ್ಪ ಸರಿಸಿ ಜಾಗ ಮಾಡಿಕೊಟ್ಟರು.

ಕುಚ್ಚಲಕ್ಕಿ ಅನ್ನ, ಮೀನು ಸಾರು, ಒಂದು ಪಲ್ಯ. ಮೇಲೆ ಕಾಣೆ ಮತ್ತು ಅಂಜಲ್ ಫ್ರೈ ಹೇಳಿದೆವು. ನಾನು ಮೀನಿನ ಮನೆಯಲ್ಲೇ ಹುಟ್ಟಿ ಬೆಳೆದವಳು. ವಾರಕ್ಕೆ ಐದು ದಿನ ನನ್ನ ಕೈಯಲ್ಲೇ ಮೀನು ಕಾಯುತ್ತದೆ. ಆದರೂ ಹೇಳುತ್ತೇನೆ, ಆ ಕಾಣೆಯ ಮಸಾಲೆ ನನ್ನ ಮಸಾಲೆಗಿಂತ ಚೆನ್ನಾಗಿತ್ತು. ಕೆಂಪು ಮೆಣಸು ಎಷ್ಟು ನುಣ್ಣಗೆ ಅರೆದಿದ್ದರೆಂದರೆ ಮೀನಿನ ಮೈಗೆ ಚರ್ಮದ ಹಾಗೆ ಅಂಟಿಕೊಂಡಿತ್ತು. ಹುಳಿ ಮುಂದೆ ಬರುತ್ತದೆ, ಖಾರ ಹಿಂದಿನಿಂದ. ಒಳಗಿನ ಮಾಂಸ ಬಿಳಿ ಹತ್ತಿ. ಮಳೆಗಾಲದಲ್ಲಿ ಬೋಟುಗಳಿಗೆ ಎರಡು ತಿಂಗಳು ರಜೆ. ಜೂನ್ ಒಂದರಿಂದ ಜುಲೈ ಕೊನೆಯ ತನಕ ಸಮುದ್ರಕ್ಕೆ ಇಳಿಯುವ ಹಾಗಿಲ್ಲ. ಆ ಎರಡು ತಿಂಗಳು ಐಸಿನ ಮೀನು ತಿಂದು ಬೇಸತ್ತ ಬಾಯಿಗೆ ನವೆಂಬರಿನ ಕಾಣೆ ಎಂದರೆ ಏನು ಅಂತ ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

"ಆಗ ಫ್ರೈ ತೆಗೆದುಕೊಳ್ಳುತ್ತಿದ್ದಿರಾ?" ಕೇಳಿದೆ.

"ಇಲ್ಲ. ಊಟ ಮಾತ್ರ. ಸಾರಿನಲ್ಲಿ ಒಂದು ತುಂಡು ಬಂದರೆ ಬಂತು. ಫ್ರೈ ಪಕ್ಕದವರ ತಟ್ಟೆಯಲ್ಲಿ ಇರುತ್ತಿತ್ತು."

ಅಷ್ಟು ಹೇಳಿ ಇವರು ಇನ್ನೊಂದು ಕಾಣೆ ತರಿಸಿದರು. ಮೂರನೇ ಸಲ ಅನ್ನ ಹಾಕಿಸಿಕೊಂಡರು. ಮನೆಯಲ್ಲಿ ಎರಡನೇ ಸಲಕ್ಕೇ ಸಾಕು ಎನ್ನುವವರು. ನಾನು ಬಡಿಸುವಾಗ ತಟ್ಟೆಗೆ ಅಡ್ಡ ಬರುವ ಆ ಕೈ ಅಲ್ಲಿ ಅಡ್ಡ ಬರಲೇ ಇಲ್ಲ. ನೋಡಿ ನನಗೆ ತುಂಬಾ ಸಂತೋಷವಾಯಿತು.

ಸಂಜೆ ಬಾವುಟಗುಡ್ಡೆ ಹತ್ತಿದೆವು. 1837ರ ಅಮರಸುಳ್ಯದ ದಂಗೆಯಲ್ಲಿ ರೈತರು ಸುಳ್ಯ ಕಡೆಯಿಂದ ಬಂದು ಕಂಪೆನಿಯ ಬಾವುಟ ಇಳಿಸಿ ತಮ್ಮ ಬಾವುಟ ಏರಿಸಿದ ಜಾಗ ಇದು. ಹದಿಮೂರು ದಿನ ಮಂಗಳೂರು ಅವರ ಕೈಯಲ್ಲಿತ್ತು. ಈಗ ಆ ದಂಗೆಯ ನಾಯಕರಲ್ಲೊಬ್ಬರಾದ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ನಿಲ್ಲಿಸಿದ್ದಾರೆ. ಶಾಲೆಯಲ್ಲಿ ನಮಗೆ ಈ ಕಥೆ ಯಾರೂ ಸರಿಯಾಗಿ ಹೇಳಿಕೊಡಲಿಲ್ಲ ಎನ್ನುವುದು ನನ್ನ ಬೇಸರ.

ಅದೇ ಗುಡ್ಡೆಯಲ್ಲಿ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ಇದೆ. ಗೋಡೆ, ಛಾವಣಿ, ಎಲ್ಲಿ ನೋಡಿದರೂ ಚಿತ್ರ. ಇಟಲಿಯಿಂದ ಬಂದಿದ್ದ ಆಂಟೋನಿಯೊ ಮೊಸ್ಕೆನಿ 1899ರಿಂದ ಸುಮಾರು ಎರಡು ವರ್ಷ ಕೂತು ಬರೆದದ್ದು. ತಲೆ ಎತ್ತಿ ನೋಡಿ ನೋಡಿ ಕುತ್ತಿಗೆ ನೋಯಿತು. ಇವರು ಮಾತ್ರ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತಿದ್ದರು. "ಇಲ್ಲಿಗೆ ತುಂಬಾ ಸಲ ಬರುತ್ತಿದ್ದೆ" ಎಂದರು. "ತಂಪಾಗಿರುತ್ತದೆ. ಯಾರೂ ಏನೂ ಕೇಳುವುದಿಲ್ಲ. ದುಡ್ಡೂ ಬೇಡ."

ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಪುಸ್ತಕ ನನ್ನ ಬ್ಯಾಗಿನಲ್ಲೇ ಇತ್ತು. ಹೊರಗೆ ಕಟ್ಟೆಯ ಮೇಲೆ ಕೂತು ತೆಗೆದು ನೋಡಿದೆ. ಮೊದಲು ಓದಿದಾಗ ಬರೆದದ್ದನ್ನು ನೋಡಿದ್ದೆ. ಬರೆಯದೆ ಬಿಟ್ಟದ್ದನ್ನು ನೋಡಿರಲಿಲ್ಲ. 1995ರ ಜುಲೈಯಲ್ಲಿ ಎಷ್ಟೋ ದಿನ "ಚಾ 1" ಅಂತ ಒಂದೇ ಸಾಲು. ಊಟವೇ ಇಲ್ಲ. ಆಗಸ್ಟಿನಲ್ಲೂ ಹಾಗೇ. ಇಂಥ ದಿನಗಳಲ್ಲಿ ಕೆಲವು ಕಡೆ ಕೆಳಗೆ ಸಣ್ಣ ಅಕ್ಷರದಲ್ಲಿ "ಉರ್ವ" ಎಂದಿತ್ತು. ಮಂಗಳೂರಿನದೇ ಒಂದು ಬಡಾವಣೆ ಅದು. ಒಂದು ಕಡೆ "ಉರ್ವ, ಪತ್ರೊಡೆ." ಅದರ ಮುಂದೆ ರೂಪಾಯಿ ಬರೆದಿಲ್ಲ.

ಅಲ್ಲೇ ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ದೂರದಲ್ಲಿ ಸಮುದ್ರದ ಮೇಲೆ ಹೊತ್ತು ಇಳಿಯುತ್ತಿತ್ತು. ಇವರು ತೆಂಗಿನ ಮರಗಳ ನಡುವೆ ಉಳಿದ ಹೆಂಚಿನ ಮಾಡುಗಳನ್ನು ತೋರಿಸುತ್ತಿದ್ದರು. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಊರಿನ ಹೆಂಚು ಎಲ್ಲೆಲ್ಲಿಗೋ ಹೋಯಿತು. ಊರಿನಲ್ಲೇ ಈಗ ಹೆಂಚಿಗಿಂತ ತಾರಸಿ ಜಾಸ್ತಿ. "ನಾನಿದ್ದಾಗ ಇಲ್ಲಿಂದ ನೋಡಿದರೆ ಕೆಂಪೇ ಕೆಂಪು" ಎಂದರು.

ಹಂಪನಕಟ್ಟೆಯಲ್ಲಿ ಎರಡು ಚೆಂಡು ಮಲ್ಲಿಗೆ ಕೊಂಡೆವು. ಹೊರಗಿನವರಿಗೆ ಈ ಲೆಕ್ಕ ಗೊತ್ತಿರುವುದಿಲ್ಲ. ನಮ್ಮ ಶಂಕರಪುರ ಮಲ್ಲಿಗೆಯನ್ನು ಮೊಳದಲ್ಲಿ ಅಳೆಯುವುದಲ್ಲ. ಬಾಳೆನಾರಿನಲ್ಲಿ ಕಟ್ಟಿ ಸುತ್ತಿದ ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಒಂದನ್ನು ಮುಡಿದೆ. ಇನ್ನೊಂದನ್ನು ಬಾಳೆಲೆಯಲ್ಲಿ ಸುತ್ತಿ ರೂಮಿನಲ್ಲಿಟ್ಟೆ.

ಆಮೇಲೆ ಮಾರ್ಕೆಟ್ ರಸ್ತೆಯ ಐಡಿಯಲ್. 1975ರಿಂದ ಇರುವ ಐಸ್‌ಕ್ರೀಮ್ ಪಾರ್ಲರ್ ಅದು. ಪುಸ್ತಕದಲ್ಲಿ ಒಂದೇ ಒಂದು ಸಲ "ಗಡ್‌ಬಡ್ 1, ಇಬ್ಬರು" ಅಂತ ಇತ್ತು. ಎರಡನೇ ವರ್ಷದ ರಿಸಲ್ಟ್ ಬಂದ ದಿನವಂತೆ. ಗಡ್‌ಬಡ್ ಉದ್ದ ಗ್ಲಾಸಿನಲ್ಲಿ ಬರುತ್ತದೆ. ಅಡಿಯಲ್ಲಿ ಹಣ್ಣು, ಜೆಲ್ಲಿ, ಮೇಲೆ ಒಂದರ ಮೇಲೊಂದು ಬೇರೆ ಬೇರೆ ಐಸ್‌ಕ್ರೀಮ್, ನಡುವೆ ಗೋಡಂಬಿ, ಒಣದ್ರಾಕ್ಷಿ. ಉದ್ದ ಚಮಚವನ್ನು ಅಡಿತನಕ ಇಳಿಸಿ ಎಲ್ಲವನ್ನೂ ಒಂದೇ ಸಲ ಮೇಲೆ ತರಬೇಕು. ನಾನು ಒಂದು ಸಾಕು, ಇಬ್ಬರಿಗೂ ಆಗುತ್ತದೆ ಎಂದೆ.

"ಬೇಡ ಮಾರಾಯ್ತಿ. ನಿನಗೊಂದು, ನನಗೊಂದು" ಎಂದರು.

"ಆ ದಿನ ಯಾರ ಜೊತೆ?" ಕೇಳಿದೆ.

"ಉರ್ವದವನು. ನನ್ನ ಕ್ಲಾಸಿನವನೇ."

ಆ ರಾತ್ರಿ ಬಲ್ಮಠದ ಕಡೆ ಒಂದು ಎಸಿ ಹೋಟೆಲಿನಲ್ಲಿ ನೀರುದೋಸೆ, ಚಿಕನ್ ಘೀ ರೋಸ್ಟ್ ತಿಂದೆವು. ಘೀ ರೋಸ್ಟ್ ಹುಟ್ಟಿದ್ದು ಕುಂದಾಪುರದ ಶೆಟ್ಟಿ ಲಂಚ್ ಹೋಂನಲ್ಲಿ. ಅಲ್ಲಿ ತಿಂದವರಿಗೆ ಬೇರೆ ಕಡೆಯದ್ದು ಸ್ವಲ್ಪ ಸಪ್ಪೆಯೇ. ಮಸಾಲೆ ತುಪ್ಪ ಬಿಡುವ ತನಕ ಹುರಿಯುವ ತಾಳ್ಮೆ ಬೇಕು. ಇಲ್ಲಿ ಅದಿರಲಿಲ್ಲ. ಇದು ಪುಸ್ತಕದಲ್ಲಿಯೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಬಿಜೈ. ಇವರ ರೂಮು ಇದ್ದದ್ದು ಅಲ್ಲೇ. ಬನ್ಸ್ ತಿನ್ನುತ್ತಿದ್ದ ಕ್ಯಾಂಟೀನು ಈಗ ಇಲ್ಲ, ಆ ಜಾಗದಲ್ಲಿ ಮೊಬೈಲ್ ಅಂಗಡಿ. ಎದುರು ಸಾಲಿನ ಒಂದು ಸಣ್ಣ ಹೋಟೆಲಿಗೆ ಹೋದೆವು. ಬನ್ಸ್ ಬಿಸಿ ಇತ್ತು. ಕಳಿತ ಬಾಳೆಹಣ್ಣು ಕಿವುಚಿ, ಮೊಸರು, ಸಕ್ಕರೆ, ಜೀರಿಗೆ ಹಾಕಿ ಮೈದಾ ಕಲಸಿ ರಾತ್ರಿಯಿಡೀ ಬಿಡಬೇಕು. ಅವಸರದಲ್ಲಿ ಮಾಡಿದ ಬನ್ಸ್ ಪೂರಿಯ ಹಾಗೆ ಗಟ್ಟಿ. ಇದು ಮುರಿದರೆ ಒಳಗೆ ಜಾಳು ಜಾಳು, ಬಾಳೆಹಣ್ಣಿನ ಕಂದು ಬಣ್ಣ. ಒಂದು ಕಡೆ ಸಿಹಿ, ಅದ್ದಿದ ತೆಂಗಿನಕಾಯಿ ಚಟ್ನಿಯ ಖಾರ ಇನ್ನೊಂದು ಕಡೆ. ಸಂಜೆಗೆ ಬೇಕಾಗುತ್ತದೆ ಅಂತ ನಾಲ್ಕು ಕಟ್ಟಿಸಿಕೊಂಡೆ.

ಕೆ.ಪಿ.ಟಿ.ಯ ಗೇಟಿನ ಎದುರು ಸ್ವಲ್ಪ ಹೊತ್ತು ನಿಂತೆವು. ರಜೆ, ಒಳಗೆ ಯಾರೂ ಇರಲಿಲ್ಲ. ಅಲ್ಲಿಂದ ಕದ್ರಿ ದೇವಸ್ಥಾನ. ಗುಡ್ಡೆಯ ಮೇಲಿಂದ ಇಳಿದು ಬರುವ ನೀರಿನಲ್ಲಿ ಕಾಲು ತೊಳೆದು, ಮಂಜುನಾಥನಿಗೆ ಕೈಮುಗಿದು, ಲೋಕೇಶ್ವರನ ಕಂಚಿನ ಮೂರ್ತಿ ನೋಡಿದೆವು. ಕ್ರಿ.ಶ. 968ರದ್ದು, ಆಳುಪರ ಕುಂದವರ್ಮನ ಕಾಲದ್ದು. ಮೂರು ಮುಖ, ಆರು ಕೈ. ಸಾವಿರ ವರ್ಷದ ಮೇಲಾದರೂ ಮುಖದ ಶಾಂತಿ ಹೋಗಿಲ್ಲ. ಅಲ್ಲಿ ಕಟ್ಟೆಯಲ್ಲಿ ಕೂತಾಗ ಕೊನೆಗೂ ಕೇಳಿದೆ.

"ಜುಲೈಯಲ್ಲಿ ಊಟ ಯಾಕೆ ಬರೆದಿಲ್ಲ?"

ಇವರು ತಕ್ಷಣ ಹೇಳಲಿಲ್ಲ. ಆ ವರ್ಷ ಅಕ್ಕನ ಮದುವೆಯಾಗಿತ್ತು. ಮಾವನವರ ಕೈ ಪೂರ್ತಿ ಖಾಲಿ. ಫೀಸು ಕಟ್ಟಿದ ಮೇಲೆ ಉಳಿಯುತ್ತಿದ್ದದ್ದು ಬಸ್ಸಿಗೆ ಮಾತ್ರ. ಮನೆಯಲ್ಲಿ ಹೇಳಿದರೆ ಓದು ಬಿಡಿಸುತ್ತಾರೆ ಅಂತ ಹೆದರಿಕೆ. ಯಾರಿಗೂ ಹೇಳಲಿಲ್ಲ. ಆದರೆ ಉರ್ವದ ಗೆಳೆಯನ ಅಮ್ಮನಿಗೆ ಹೇಗೋ ಗೊತ್ತಾಯಿತು. ಒಂದು ದಿನ ನೋಟ್ಸ್ ಕೊಡಲು ಹೋದವನನ್ನು ಕೂರಿಸಿ ಬಡಿಸಿದರು. ಮರುದಿನ ಮಗನ ಕೈಯಲ್ಲಿ ಹೇಳಿ ಕಳಿಸಿದರು, ಇವತ್ತೂ ಬರಬೇಕಂತೆ. ಕೆ.ಪಿ.ಟಿ.ಯಿಂದ ಉರ್ವಕ್ಕೆ ಮುಕ್ಕಾಲು ಗಂಟೆ ನಡಿಗೆ. ಆಟಿ ತಿಂಗಳ, ಅಂದರೆ ಜುಲೈ-ಆಗಸ್ಟಿನ, ಮಳೆಯಲ್ಲಿ ಕೊಡೆ ಹಿಡಿದು ಹೋಗುತ್ತಿದ್ದರಂತೆ. ಗಂಜಿ, ಚಟ್ನಿ, ಕೆಸುವಿನ ಎಲೆ ಸಿಕ್ಕಿದ ದಿನ ಪತ್ರೊಡೆ.

"ಪುನಃ ಯಾವಾಗ ಹೋಗಿದ್ದಿರಿ ಅವರ ಮನೆಗೆ?"

"1997ರಲ್ಲಿ. ಪರೀಕ್ಷೆ ಮುಗಿದ ದಿನ."

ನನಗೆ ನಿಜವಾಗಿ ಸಿಟ್ಟು ಬಂತು. ತಾಮ್ರದ ತಂತಿ ತರಲು ತಿಂಗಳಿಗೊಮ್ಮೆ ಮಂಗಳೂರಿಗೆ ಬರುವವರು ಇವರು. ಅಷ್ಟು ದಿನ ಉಣ್ಣಿಸಿದವರ ಬಾಗಿಲಿಗೆ ಒಂದು ಸಲ ಹೋಗಲಾರರೇ? ಹಾಗೆಂದು ಕೇಳಿಯೂ ಬಿಟ್ಟೆ.

"ಕೈಯಲ್ಲಿ ಏನಾದರೂ ಹಿಡಿದುಕೊಂಡು ಹೋಗಬೇಕು ಅಂತ ಕಾದೆ" ಎಂದರು. "ಮೊದಲ ಸಂಬಳ ಆಗಲಿ, ಅಂಗಡಿ ಆಗಲಿ, ಸಾಲ ತೀರಲಿ ಅಂತ. ಅಷ್ಟರಲ್ಲಿ ತುಂಬಾ ವರ್ಷ ಆಗಿಹೋಯಿತು. ಆಮೇಲೆ ಹೋಗಲಿಕ್ಕೆ ನಾಚಿಕೆ."

ನನ್ನ ಸಿಟ್ಟು ಇಳಿಯಿತು. ರೂಮು ಬಿಟ್ಟು, ಚೀಲ ತೆಗೆದುಕೊಂಡು ಆಟೋದಲ್ಲಿ ನೇರ ಉರ್ವಕ್ಕೆ ಹೋದೆವು. ಮಾರಿಗುಡಿಯ ಹತ್ತಿರದ ಓಣಿ. ಮನೆ ಇದ್ದ ಜಾಗದಲ್ಲಿ ಐದು ಮಹಡಿಯ ಫ್ಲ್ಯಾಟು. ಇವರು ರಸ್ತೆಯಲ್ಲೇ ನಿಂತುಬಿಟ್ಟರು. ನಾನು ಮೂಲೆಯ ದಿನಸಿ ಅಂಗಡಿಗೆ ಹೋಗಿ ಕೇಳಿದೆ. ಅಂಗಡಿಯವರು ಹಳಬರು. ಆ ಮನೆಯವರು ಸುರತ್ಕಲ್ ಕಡೆ ಹೋಗಿದ್ದಾರೆ, ದೊಡ್ಡ ಮಗ ದುಬೈಯಲ್ಲಿ, ಅಮ್ಮ ಸಣ್ಣ ಮಗನ ಜೊತೆ ಇದ್ದಾರೆ ಎಂದರು. ಇದ್ದಾರೆ ಎನ್ನುವ ಮಾತು ಕೇಳಿದಾಗ ನನ್ನ ಕಣ್ಣು ತುಂಬಿತು. ಒಂದು ರಶೀದಿಯ ಹಿಂದೆ ಸಣ್ಣ ಮಗನ ನಂಬರು ಬರೆದುಕೊಟ್ಟರು. ಇವರು ಅದನ್ನು ಓದಿ, ನಾಲ್ಕಾಗಿ ಮಡಚಿ ಕಿಸೆಯಲ್ಲಿಟ್ಟರು. ಫೋನು ಮಾಡಲಿಲ್ಲ.

ಹತ್ತಿರದ ಒಂದು ಹೋಟೆಲಿನಲ್ಲಿ ಊಟ ಆಯಿತು. ಏನು ತಿಂದೆವು ಅಂತ ನೆನಪಿಲ್ಲ. ಆಮೇಲೆ ಸುಲ್ತಾನ್ ಬತ್ತೇರಿಗೆ ಬಂದೆವು. ಟಿಪ್ಪು 1784ರಲ್ಲಿ ಕಟ್ಟಿಸಿದ ಕರಿಕಲ್ಲಿನ ಕಾವಲುಗೋಪುರ. ಅದರ ಕೆಳಗಿನಿಂದಲೇ ದೋಣಿ ಹತ್ತಿ ಗುರುಪುರ ಹೊಳೆ ದಾಟಿದರೆ ಆಚೆ ತಣ್ಣೀರುಬಾವಿ. ನಿನ್ನೆ ಬಸ್ಸಿನ ಕಿಟಕಿಯಲ್ಲಿ ನೋಡಿದ ಅದೇ ಹೊಳೆ, ಇಲ್ಲಿ ಸಮುದ್ರ ಸೇರುವ ಅವಸರದಲ್ಲಿ ಅಗಲವಾಗಿದೆ. ಗಾಳಿಮರಗಳ ಅಡಿಯಲ್ಲಿ ಕೂತು ಬೊಂಡ ಕುಡಿದೆವು. ಚುರುಮುರಿಯವನು ಡಬ್ಬ ಬಡಿಯುತ್ತಾ ಹೋದ. ಇವರು ಮರಳಿನಲ್ಲಿ ಗೆರೆ ಎಳೆಯುತ್ತಿದ್ದರು.

"ಈಗ ಮಾಡಿ" ಎಂದೆ. "ಇನ್ನು ತಡ ಮಾಡಬೇಡಿ."

ಸಣ್ಣ ಮಗ ಎತ್ತಿದರು. ಇವರು ಹೆಸರು ಹೇಳಿದರು, ಕೆ.ಪಿ.ಟಿ. ಎಂದರು, ಕಾರ್ಕಳ ಎಂದರು. ಆ ಕಡೆ ಫೋನು ಕೈ ಬದಲಾಯಿತು. ಇವರ ಮುಖ ನೋಡುತ್ತಾ ಕೂತಿದ್ದೆ. ಇವರು ಪುನಃ ಹೆಸರು ಹೇಳಿದರು. ಆ ಕಡೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಫೋನಿನಿಂದ ನನಗೂ ಕೇಳುವಷ್ಟು ದೊಡ್ಡ ಸ್ವರ ಬಂತು.

"ಒಣಸ್ ಆಂಡಾ ಮಗಾ?"

ಊಟ ಆಯಿತಾ ಅಂತ. ಮಧ್ಯಾಹ್ನ ನಾಲ್ಕು ಗಂಟೆಗೆ. ಇವರಿಗೆ ಉತ್ತರ ಕೊಡಲು ಆಗಲಿಲ್ಲ. ಫೋನು ನನ್ನ ಕೈಗೆ ಕೊಟ್ಟು ಸಮುದ್ರದ ಕಡೆ ತಿರುಗಿದರು. ನಾನೇ ಪರಿಚಯ ಹೇಳಿ, ಮನೆ ಎಲ್ಲಿ ಅಂತ ಕೇಳಿಕೊಂಡೆ.

ನಾವು ಪುನಃ ದೋಣಿ ಹತ್ತಲಿಲ್ಲ. ತಣ್ಣೀರುಬಾವಿಯಿಂದ ಪಣಂಬೂರಿನ ಮೇಲೆ ಸುರತ್ಕಲ್‌ಗೆ ರಸ್ತೆಯಿದೆ. ಆಟೋ ಹಿಡಿದೆವು. "ಬರಿಗೈಯಲ್ಲಿ ಹೋಗುವುದು ಹೇಗೆ?" ಎಂದು ಇವರು ದಾರಿಯುದ್ದಕ್ಕೂ ಅಂಗಡಿ ನೋಡುತ್ತಿದ್ದರು. ಚೀಲದಲ್ಲಿ ನಾಲ್ಕು ಬನ್ಸ್ ಇತ್ತು. ಬಾಳೆಲೆಯಲ್ಲಿ ಒಂದು ಚೆಂಡು ಮಲ್ಲಿಗೆ ಇತ್ತು. ಸಾಕು ಎಂದೆ.

ಅಮ್ಮ ಜಗಲಿಯಲ್ಲೇ ಕೂತಿದ್ದರು. ಎಂಬತ್ತು ದಾಟಿದೆ. ಒಂದು ಕಣ್ಣು ಮಂಜು. ಇವರು ಕಾಲಿಗೆ ಬಗ್ಗಿದಾಗ ತಲೆ, ಹೆಗಲು, ಕೈ ಎಲ್ಲ ಸವರಿ ನೋಡಿದರು. "ದಪ್ಪ ಆಗಿದ್ದಾನೆ" ಅಂತ ನನ್ನ ಹತ್ತಿರ ತುಳುವಿನಲ್ಲಿ ಹೇಳಿದರು. ಅದರಲ್ಲಿ ಎಷ್ಟು ನೆಮ್ಮದಿ ಇತ್ತೆಂದರೆ, ಆ ಮಾತು ನನಗೆ ಇವರು ತಂದುಕೊಟ್ಟ ಯಾವ ಸೀರೆಗಿಂತಲೂ ದೊಡ್ಡದು. ಇಪ್ಪತ್ತು ವರ್ಷದ ಮೇಲಾಯಿತು ನಾನು ಈ ಮನುಷ್ಯನಿಗೆ ಬಡಿಸುತ್ತಾ. ನನಗಿಂತ ಮೊದಲು ಬಡಿಸಿದವರು ನನ್ನ ಎದುರು ಕೂತಿದ್ದರು.

ದೊಡ್ಡ ಮಗನಿಗೆ ವಿಡಿಯೊ ಕಾಲ್ ಹಚ್ಚಿದರು. ಇಬ್ಬರು ಗಂಡಸರು ಫೋನಿನ ಎರಡು ಕಡೆ ಏನೂ ಮಾತಾಡದೆ ನಗುತ್ತಿದ್ದರು. ಸೊಸೆ ಚಾ ತಂದರು. ಬನ್ಸನ್ನು ಬಿಸಿ ಮಾಡಿ ಎಲ್ಲರಿಗೂ ಅರ್ಧರ್ಧ ಹಂಚಿದರು. ಚಾ ಕುಡಿದು ಹೊರಡುತ್ತೇವೆ ಎಂದರೆ ಅಮ್ಮ ಬಿಡಬೇಕಲ್ಲ. ಕಾರ್ಕಳದ ಬಸ್ಸು ತಪ್ಪುತ್ತದೆ ಎಂದರೂ ಕೇಳಲಿಲ್ಲ. ಏಳು ಗಂಟೆಗೆ ತಟ್ಟೆ ಹಾಕಿಸಿದರು. ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಸುಟ್ಟ ಒಣಮೀನು. ಅವರೇ ಕೋಲು ಊರಿಕೊಂಡು ಬಂದು ಪಕ್ಕದಲ್ಲಿ ಕೂತರು.

"ಪತ್ರೊಡೆಗೆ ಈಗ ಎಲೆ ಇಲ್ಲ" ಎಂದರು. "ಆಟಿಗೆ ಬನ್ನಿ."